ನಿಂಬೆ ಉಪ್ಪಿನಕಾಯಿಗಿರಲಿ, ಹಲ್ಲಿಗೆ ಬೇಡ

ಕ್ಯಾಂಪಸ್ ಸಂದರ್ಶನ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲ್‌ನ ಬಚ್ಚಲೇ ಅಡುಗೆಮನೆ. ಒಬ್ಬನ ಕೈಯಲ್ಲಿ ನಿಂಬೆ ಹೋಳು, ಇನ್ನೊಬ್ಬನ ಕೈಯಲ್ಲಿ ಅಡುಗೆ ಸೋಡಾ, ಮತ್ತೊಬ್ಬ ಇದ್ದಿಲು ಪುಡಿ ಮಾಡುತ್ತಿರುತ್ತಾನೆ. ನಾಲ್ಕೇ ದಿನದಲ್ಲಿ ಹಲ್ಲು ಬೆಳ್ಳಗಾಗಬೇಕು! ‘ನ್ಯಾಚುರಲ್ ಕಣೋ, ಏನೂ ಆಗಲ್ಲ’ ಎಂಬುದೇ ಎಲ್ಲರ ಧೈರ್ಯ.

ನನಗಂತೂ ದಿನಕ್ಕೊಂದು ಸಲಹೆ. ಕಾರಣ, ನಾನು ಪಾವಗಡ ಕಡೆಯವನು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದ ನನ್ನ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. ಉಜ್ಜಿದರೆ ಹೋಗುತ್ತದೆ ಎಂದು ಗೆಳೆಯರು ಹೇಳಿದಾಗ, ಮೊದಲು ದಂತ ವೈದ್ಯರನ್ನು ಕೇಳೋಣವೆಂದು ಹೋದೆ. ಅಲ್ಲಿ ತಿಳಿದದ್ದು, ಆಮೇಲೆ ಓದಿಕೊಂಡದ್ದು ಇಷ್ಟು.

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಗಾಯವಾದ ಚರ್ಮ ಕೂಡಿಕೊಳ್ಳುತ್ತದೆ, ಮುರಿದ ಮೂಳೆ ಸೇರುತ್ತದೆ. ಸವೆದ ಎನಾಮಲ್ ಮಾತ್ರ ಮತ್ತೆ ಬೆಳೆಯದು. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗತೊಡಗುತ್ತದೆ. ನಿಂಬೆರಸದ ಪಿಎಚ್ 2ರಿಂದ 3ರೊಳಗೆ! ಹುಳಿಗೆ ಮೆತ್ತಗಾದ ಹಲ್ಲನ್ನು ಬ್ರಷ್ಷಿನಿಂದ ತಿಕ್ಕಿದರೆ ಇನ್ನೂ ಬೇಗ ಸವೆಯುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಕಲ್ಲುಪ್ಪು ಉಜ್ಜಿ ಉಜ್ಜಿಯೇ ಸವೆಸುತ್ತವೆ.

ಮೊದಮೊದಲು ಚಹಾದ ಕಲೆ ಹೋಗಿ ಹಲ್ಲು ಬೆಳ್ಳಗೆ ಕಾಣುವುದು ನಿಜ. ಆದರೆ ಎನಾಮಲ್ ಕೆಳಗಿರುವ ಡೆಂಟಿನ್ ಪದರದ ಬಣ್ಣವೇ ಹಳದಿ. ಮೇಲಿನ ಪದರ ತೆಳುವಾದಷ್ಟೂ ಒಳಗಿನ ಹಳದಿ ಎದ್ದು ಕಾಣುತ್ತದೆ. ಜೊತೆಗೆ ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನುತ್ತದೆ.

ಹಾಗಾದರೆ ಅಜ್ಜಿ ಕಾಲದ್ದೆಲ್ಲ ಕೆಟ್ಟದ್ದೇ? ಇಲ್ಲ. ಬೇವಿನ ಕಡ್ಡಿಯ ತುದಿ ಜಗಿದು ಮೆದು ಮಾಡಿ, ಒಸಡಿಗೆ ಗಾಯವಾಗದಂತೆ ಉಜ್ಜಿದರೆ ಕೊಳೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಮುಕ್ಕಳಿಸಿದರೆ ಎನಾಮಲ್‌ಗೆ ತೊಂದರೆಯಿಲ್ಲ, ಹಲ್ಲು ಬಿಳಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವೂ ಇಲ್ಲ. ಅಡುಗೆ ಸೋಡಾ ಅಷ್ಟೇನೂ ಒರಟಲ್ಲ; ಅದಕ್ಕೆ ನಿಂಬೆ ಹಿಂಡುವುದೇ ಅಪಾಯ.

ಇನ್ನು ನನ್ನ ಕಂದು ಪಟ್ಟೆ. ಅದು ಮೇಲೆ ಅಂಟಿದ ಕಲೆಯಲ್ಲ. ಬಾಲ್ಯದಲ್ಲಿ ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಎನಾಮಲ್‌ನಲ್ಲಿ ಆದ ದೋಷ. ಯಾವ ಮನೆಮದ್ದೂ ಅದನ್ನು ತೆಗೆಯದು. ವೈದ್ಯರ ಬಳಿ ಬ್ಲೀಚಿಂಗ್, ಹಲ್ಲಿನ ಬಣ್ಣದ ಲೇಪನದಂಥ ಚಿಕಿತ್ಸೆಗಳಿವೆ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಮಾಡಿಸಿಕೊಳ್ಳುವೆ. ಅಲ್ಲಿಯವರೆಗೆ ಇದೇ ಹಲ್ಲಿನಲ್ಲೇ ನಗುತ್ತೇನೆ. ಯಾರಾದರೂ ಕೇಳಿದರೆ ನಮ್ಮೂರ ನೀರಿನ ಕಥೆ ಹೇಳುತ್ತೇನೆ.

ನಿಮ್ಮದು ಬರೀ ಚಹಾ, ಕಾಫಿಯ ಕಲೆಯಾದರೆ ಒಮ್ಮೆ ವೈದ್ಯರಲ್ಲಿ ಹಲ್ಲು ಕ್ಲೀನ್ ಮಾಡಿಸಿ. ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ. ಗುಟ್ಕಾ, ಸಿಗರೇಟು ಬಿಡಿ. ಹುಳಿ ತಿಂದೊಡನೆ ಬ್ರಷ್ ಹಿಡಿಯದೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ತಡೆಯಿರಿ. ದಿನಕ್ಕೆರಡು ಬಾರಿ ಮೆದುವಾದ ಬ್ರಷ್, ಫ್ಲೋರೈಡ್ ಪೇಸ್ಟ್ ಸಾಕು.