ನಾಲ್ಕು ಸಾವಿರ ಬಾಡಿಗೆ ಎಷ್ಟು ಸಾಲ ಹೊತ್ತೀತು?

ಹಳೆ ಮನೆ ಕೊಳ್ಳು, ರಿಪೇರಿ ಮಾಡಿಸಿ ಬಾಡಿಗೆಗೆ ಕೊಡು, ಅದನ್ನೇ ಬ್ಯಾಂಕಿಗೆ ಅಡವಿಟ್ಟು ಬಂದ ದುಡ್ಡಲ್ಲಿ ಮತ್ತೊಂದು ಕೊಳ್ಳು. ಅಮೆರಿಕದಲ್ಲಿ ಹೆಸರು ಮಾಡಿದ ಈ ಸೂತ್ರವನ್ನು ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಪಾಳಾಕ್ಕೆ ಹಚ್ಚಿ ನೋಡೋಣ. ಮನೆಯ ಬೆಲೆ, ಬಾಡಿಗೆ, ಬಡ್ಡಿ ಲೆಕ್ಕಕ್ಕೆಂದು ಹಿಡಿದವು. ಸರ್ಕಾರಿ ಶುಲ್ಕ ಮಾತ್ರ ಇದ್ದದ್ದು ಇದ್ದಂತೆ.

600 ಚದರಡಿಯ ಹೆಂಚಿನ ಮನೆ, 6 ಲಕ್ಷ ರೂಪಾಯಿ. ಮುದ್ರಾಂಕ ಶುಲ್ಕ 5%. ಸೆಸ್, ಸರ್‌ಚಾರ್ಜ್ ಕೂಡಿದರೆ ಹಳ್ಳಿಯಲ್ಲಿ 5.65%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2%. ಅಲ್ಲಿಗೆ 45,900 ಹೋಯಿತು. ರಿಪೇರಿಗೆ 4 ಲಕ್ಷ. ಇಳಿಜಾರು ಸೇರಿ 800 ಚದರಡಿ ಚಾವಣಿಗೆ ಮಂಗಳೂರು ಹೆಂಚು ಸುಮಾರು 1,100 ಸಾಕು. ದುಡ್ಡು ನುಂಗುವುದು ಗೆದ್ದಲು ತಿಂದ ಪಕಾಸು, ರೀಪು, ಹೊಸ ಶೌಚಾಲಯ, ವೈರಿಂಗ್. ಒಟ್ಟು 10,45,900.

ರಿಪೇರಿಯಾದ ಮನೆಗೆ ಬ್ಯಾಂಕು 12 ಲಕ್ಷ ಬೆಲೆ ಕಟ್ಟಿ 60% ಕೊಟ್ಟಿತೆನ್ನಿ: 7.2 ಲಕ್ಷ. 3,25,900 ಗೋಡೆಯಲ್ಲೇ ಉಳಿಯಿತು. 10% ಬಡ್ಡಿ, 15 ವರ್ಷಕ್ಕೆ ತಿಂಗಳ ಕಂತು 7,737. ಮೇಷ್ಟ್ರೋ ನರ್ಸೋ ಕೊಡುವ ಬಾಡಿಗೆ 4,000. ಮೊದಲ ವರ್ಷದ ಬಡ್ಡಿಯೇ ಸುಮಾರು 71 ಸಾವಿರ, ಬಾಡಿಗೆ 48 ಸಾವಿರ. ಎರಡನೇ ಮನೆ ಕೊಂಡರೆ ಎರಡು ಕೊರತೆ, ಅಷ್ಟೇ. ಆ ಬಾಡಿಗೆ ಹೊರಬಲ್ಲ ಸಾಲ 3.72 ಲಕ್ಷ, ಅದೂ ಮನೆ ಒಂದು ತಿಂಗಳೂ ಖಾಲಿ ಬೀಳದೆ, ಒಂದು ಹೆಂಚೂ ಒಡೆಯದೆ ಇದ್ದರೆ.

ಸಾಲದ ಮಾತು ಬಂದದ್ದೂ ಕಾಗದ ಸರಿಯಿದ್ದರೆ. ಪಂಚಾಯ್ತಿ ಮನೆಗೆ ಇ-ಸ್ವತ್ತಿನ ದಾಖಲೆ ಬೇಕು. ಬಹುಪಾಲು ಕಾಡೇ ಆಗಿರುವ ಈ ಜಿಲ್ಲೆಯಲ್ಲಿ ಅತಿಕ್ರಮಣದ ಮನೆಗಳು ಕಡಿಮೆಯೇನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪಟ್ಟಾ ಸಿಕ್ಕರೂ ಅದು ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದಕ್ಕೆ ಕೈ ಹಾಕಿದವನ ಸೂತ್ರ ಮೊದಲ ಹೆಜ್ಜೆಯಲ್ಲೇ ಮುಗಿಯಿತು.

ಮನೆಯಿಂದ ದುಡ್ಡೆತ್ತಲು ನಮ್ಮಲ್ಲಿ ಹಳೆಯ ದಾರಿಯೊಂದಿದೆ: ಭೋಗ್ಯ. ಒಟ್ಟು ಹಣ ಇಸಿದುಕೊಂಡು ಮನೆ ಬಿಟ್ಟುಕೊಡುವುದು. ಬಾಡಿಗೆಯೂ ಇಲ್ಲ, ಕಂತೂ ಇಲ್ಲ. ಪುಕ್ಕಟೆ ದುಡ್ಡೆಂದು ಹಲವರು ತಿಳಿಯುತ್ತಾರೆ. 3 ಲಕ್ಷಕ್ಕೆ ಭೋಗ್ಯ ಕೊಟ್ಟರೆ ಬಿಟ್ಟುಕೊಟ್ಟದ್ದು ವರ್ಷಕ್ಕೆ 48 ಸಾವಿರದ ಬಾಡಿಗೆ, ಅಂದರೆ 16% ಬಡ್ಡಿ. 4.8 ಲಕ್ಷ ಸಿಕ್ಕರೆ ಮಾತ್ರ ಬ್ಯಾಂಕಿನ 10%ಕ್ಕೆ ಸಮ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಇಂಥ ಸ್ವಾಧೀನ ಸಹಿತ ಅಡಮಾನಕ್ಕೆ ನೋಂದಣಿ ಬೇಕು. ಎಷ್ಟೋ ಕಡೆ ಬರೀ ಛಾಪಾ ಕಾಗದದಲ್ಲೇ ಮುಗಿಸುತ್ತಾರೆ. ಅವಧಿ ಮುಗಿದಾಗ ಅಷ್ಟೂ ಹಣ ಒಟ್ಟಿಗೆ ವಾಪಸು ಕೊಡಬೇಕು. ಅದು ಆಗಲೇ ಎರಡನೇ ಮನೆಯ ಚಾವಣಿ ಸೇರಿದ್ದರೆ, ಮುಂದಿನ ಭೋಗ್ಯದವರನ್ನು ಹುಡುಕಬೇಕು, ಇಲ್ಲವೇ ಆ ಮನೆ ಮಾರಬೇಕು.