ನಂಬಿಕೆಯೆಂಬ ನಿಕ್ಷೇಪ: ರಾಮಕೃಷ್ಣ ಹೆಗಡೆಯವರ ಮೂರು ರಾಜೀನಾಮೆಗಳು

ಪ್ರಜಾಪ್ರಭುತ್ವದಲ್ಲಿ ಅಧಿಕಾರವೆಂಬುದು ಯಾರ ಪಿತ್ರಾರ್ಜಿತ ಸ್ವತ್ತೂ ಅಲ್ಲ. ಪ್ರಜೆಗಳು ತಮ್ಮ ನಂಬಿಕೆಯನ್ನು ಒಬ್ಬ ನಾಯಕನ ಕೈಯಲ್ಲಿ ನಿಕ್ಷೇಪವಾಗಿ ಇರಿಸುತ್ತಾರೆ. ಕೇಳಿದಾಗ ಅದರ ಲೆಕ್ಕ ಒಪ್ಪಿಸುವುದು ಆತನ ಧರ್ಮ. ನಾಯಕರು ಅಧಿಕಾರಕ್ಕೆ ಏರಿದ ಬಗೆಯನ್ನು ಕುರಿತು ನಾವು ಬಹಳ ಮಾತನಾಡುತ್ತೇವೆ. ಏರಿದ ಮೇಲೆ ಆ ನಂಬಿಕೆ ಅವರ ಕೈಯಿಂದ ಹೇಗೆ ಜಾರಿತು ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸುವುದು ಮಾತ್ರ ಕಡಿಮೆ. ಕರ್ನಾಟಕದ ಇತಿಹಾಸದಲ್ಲಿ ಇಂಥ ವಿಚಾರಕ್ಕೆ ತಕ್ಕ ಉದಾಹರಣೆಯೊಂದಿದೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದ ಐದೂವರೆ ವರ್ಷಗಳಲ್ಲಿ ಮೂರು ಸಲ ರಾಜೀನಾಮೆ ಸಲ್ಲಿಸಿದರು. ಮೊದಲನೆಯದು ಅವರನ್ನು ನಾಡಿನ ಮನೆಮಾತಾಗಿಸಿತು. ಮೂರನೆಯದು ಅವರ ಆಳ್ವಿಕೆಗೆ ತೆರೆಯೆಳೆಯಿತು. ಒಂದೇ ಕಾರ್ಯಕ್ಕೆ ಇಷ್ಟು ಭಿನ್ನ ಫಲಗಳು ದೊರೆತುದೇಕೆ ಎಂಬುದೇ ಈ ಲೇಖನದ ಜಿಜ್ಞಾಸೆ.

ಹೆಗಡೆಯವರು 1926ರ ಆಗಸ್ಟ್ 29ರಂದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ಜನಿಸಿದರು. ಎಸ್. ನಿಜಲಿಂಗಪ್ಪನವರ ಗರಡಿಯಲ್ಲಿ ರಾಜಕಾರಣ ಕಲಿತ ಅವರನ್ನೂ ವೀರೇಂದ್ರ ಪಾಟೀಲರನ್ನೂ ಜನರು ನಿಜಲಿಂಗಪ್ಪನವರ ಲವ-ಕುಶರೆಂದೇ ಕರೆಯುತ್ತಿದ್ದರು. ಹಣಕಾಸು ಖಾತೆಯನ್ನು ದಕ್ಷತೆಯಿಂದ ನಿರ್ವಹಿಸಿದ ಕೀರ್ತಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಸೆರೆವಾಸ ಅನುಭವಿಸಿದ ಗೌರವ ಇವೆರಡೂ ಅವರಿಗಿದ್ದವು. ಆದುದರಿಂದ ನಮ್ಮ ಸಮಾಜದ ಮನೆಗಳಿಗೂ ಅವರು ಅಪರಿಚಿತರಾಗಿರಲಿಲ್ಲ.

ಅವರಿಗೆ ಅಧಿಕಾರ ಒದಗಿದ ಸಂದರ್ಭವನ್ನು ಮೊದಲು ನೆನೆಯಬೇಕು. 1980ರ ಜುಲೈ ತಿಂಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಅಭಿವೃದ್ಧಿ ಕರದ ವಿರುದ್ಧ ರೈತರು ಬಂಡೆದ್ದರು, ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಕನ್ನಡಿಗರು ಬೀದಿಗಿಳಿದರು. ಅಂದಿನ ಗುಂಡೂರಾವ್ ಸರ್ಕಾರಕ್ಕೆ ಜನರ ಮನಸ್ಸು ತಿಳಿಯದೆ ಹೋಯಿತು. 1983ರ ಜನವರಿಯ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ಸ್ಥಾನಗಳು ಬಂದವು. ಜನವರಿ 10ರಂದು ಹೆಗಡೆಯವರು ರಾಜ್ಯದ ಪ್ರಥಮ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಗಳಾದರು. ಅಂದು ಅವರು ಶಾಸಕರೂ ಆಗಿರಲಿಲ್ಲ. ಅನಂತರ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು. ಒಬ್ಬರು ಕಳೆದುಕೊಂಡ ನಂಬಿಕೆಯೇ ಇನ್ನೊಬ್ಬರಿಗೆ ಬಂಡವಾಳವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮೊದಲ ರಾಜೀನಾಮೆ

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾಗಿ, ಆಳುವ ಜನತಾ ಪಕ್ಷಕ್ಕೆ ನಾಲ್ಕು ಮಾತ್ರ ಉಳಿದವು. ಲೋಕಸಭೆಯ ಸೋಲಿಗೆ ರಾಜ್ಯ ಸರ್ಕಾರ ರಾಜೀನಾಮೆ ಕೊಡಬೇಕೆಂಬ ಕಟ್ಟಳೆ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಹೆಗಡೆಯವರು ಬಯಸಿದ್ದರೆ ನಿರಾತಂಕವಾಗಿ ಮುಂದುವರಿಯಬಹುದಿತ್ತು. ಆದರೆ ತಮ್ಮ ಸರ್ಕಾರ ಜನಾದೇಶವನ್ನು ಕಳೆದುಕೊಂಡಿದೆಯೆಂದು ಭಾವಿಸಿ ರಾಜೀನಾಮೆಯಿತ್ತು, ವಿಧಾನಸಭೆಯ ವಿಸರ್ಜನೆಯನ್ನು ಕೋರಿ ಮತ್ತೆ ಪ್ರಜೆಗಳ ಬಾಗಿಲಿಗೆ ಹೋದರು.

1985ರ ಮಾರ್ಚ್ ತಿಂಗಳಲ್ಲಿ ಪ್ರಜೆಗಳು ಕೊಟ್ಟ ತೀರ್ಪು ದೇಶವನ್ನೇ ಚಕಿತಗೊಳಿಸಿತು. 224 ಸ್ಥಾನಗಳಲ್ಲಿ 139 ಜನತಾ ಪಕ್ಷಕ್ಕೆ ದೊರೆತವು. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂಬುದನ್ನು ಸಾಮಾನ್ಯ ಮತದಾರ ಬೇರೆ ಬೇರೆ ತಕ್ಕಡಿಯಲ್ಲಿ ತೂಗಬಲ್ಲನೆಂಬುದು ಆಗ ಸಿದ್ಧವಾಯಿತು. ಕೈಗೆ ಬಂದ ಅಧಿಕಾರವನ್ನು ಮರಳಿ ಒಡೆಯನ ಮುಂದಿಟ್ಟವನಿಗೆ ಒಡೆಯನು ಅದನ್ನು ದ್ವಿಗುಣವಾಗಿ ಕೊಟ್ಟಂತಾಯಿತು.

ಆ ನಂಬಿಕೆಗೆ ತಕ್ಕ ಕಾರ್ಯಗಳೂ ನಡೆದವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. 1983ರಲ್ಲಿ ರೂಪುಗೊಂಡ ಪಂಚಾಯತ್ ರಾಜ್ ಅಧಿನಿಯಮದಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳಿಗೆ ಚುನಾವಣೆಗಳು ನಡೆದವು. ಮಹಿಳೆಯರಿಗೆ ಶೇಕಡಾ 25 ಸ್ಥಾನಗಳು ಮೀಸಲಾದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಸಚಿವರ ಸ್ಥಾನಮಾನ ದೊರೆಯಿತು. ಹೊಸಿಲು ದಾಟದಿದ್ದ ಎಷ್ಟೋ ಗೃಹಿಣಿಯರು ಪಂಚಾಯಿತಿಯ ಕುರ್ಚಿಯಲ್ಲಿ ಕುಳಿತುದು ಅಂದೇ. ಇದರ ಹಿಂದಿನ ಚೇತನವಾಗಿದ್ದವರು ಸಚಿವ ಅಬ್ದುಲ್ ನಜೀರ್‌ಸಾಬರು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಯಿಸಿದ ಅವರನ್ನು ಜನರು ‘ನೀರ್‌ಸಾಬ್’ ಎಂದು ಇಂದಿಗೂ ಸ್ಮರಿಸುತ್ತಾರೆ. ಅಧಿಕಾರಸ್ಥರ ಮೇಲಿನ ದೂರುಗಳನ್ನು ವಿಚಾರಿಸಲು 1984ರಲ್ಲಿ ಲೋಕಾಯುಕ್ತ ಅಧಿನಿಯಮವನ್ನೂ ಇದೇ ಸರ್ಕಾರ ತಂದಿತು.

ಅಳತೆಗೋಲು ತಾನೇ ತಂದದ್ದು

ಹೆಗಡೆಯವರು ತಮ್ಮ ರಾಜಕಾರಣವನ್ನು ‘ಮೌಲ್ಯಾಧಾರಿತ ರಾಜಕಾರಣ’ವೆಂದು ಕರೆದರು. ಜನರು ಆ ಮಾತನ್ನು ಮನಸಾರೆ ಮೆಚ್ಚಿದರು. ಆದರೆ ಮಾತಿಗೊಂದು ಋಣವಿದೆ. ಬಟ್ಟೆಯಂಗಡಿಯವನು ತನ್ನ ಗಜಕೋಲನ್ನು ತಾನೇ ಹೊರಗೆ ತೂಗುಹಾಕಿದರೆ, ಗಿರಾಕಿ ಅದೇ ಕೋಲಿನಿಂದ ಅಳೆಯುತ್ತಾನೆ. ಮೌಲ್ಯದ ಹೆಸರೆತ್ತದ ಎಷ್ಟೋ ರಾಜಕಾರಣಿಗಳ ದೊಡ್ಡ ತಪ್ಪುಗಳನ್ನು ಜನ ನಿಟ್ಟುಸಿರಿಟ್ಟು ಮರೆತದ್ದುಂಟು. ಮೌಲ್ಯದ ಹೆಸರಿನಲ್ಲಿ ಬಂದವರ ಸಣ್ಣ ಲೋಪವೂ ಕಣ್ಣಿಗೆ ಚುಚ್ಚುತ್ತದೆ. ಇದು ಅನ್ಯಾಯವೆಂದು ತೋರಬಹುದು. ಆದರೆ ನಡೆಯ ಹೊಣೆಯನ್ನು ನುಡಿಯಿಂದ ಹೊತ್ತವರಿಗೆ ಇದು ಅನಿವಾರ್ಯ.

1986ರ ಫೆಬ್ರವರಿಯಲ್ಲಿ ಆ ಅಳತೆಗೋಲು ಮೊದಲ ಸಲ ಅವರ ಮೇಲೆಯೇ ತಿರುಗಿತು. ಸಾರಾಯಿಯನ್ನು ಬಾಟಲಿಗೆ ತುಂಬುವ ಗುತ್ತಿಗೆಗಳನ್ನು ಸರ್ಕಾರ ನಿರ್ವಹಿಸಿದ ರೀತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಆಕ್ಷೇಪಿಸಿತು. ಫೆಬ್ರವರಿ 13ರಂದು ಹೆಗಡೆಯವರು ರಾಜೀನಾಮೆ ಸಲ್ಲಿಸಿದರು. ಮೂರು ದಿನಗಳ ಬಳಿಕ, 16ರಂದು ಅದನ್ನು ಹಿಂತೆಗೆದುಕೊಂಡರು.

ಬಾಹ್ಯದೃಷ್ಟಿಗೆ ಇದು ಮೊದಲನೆಯ ರಾಜೀನಾಮೆಯಂತೆಯೇ ಕಾಣುತ್ತದೆ. ಆದರೆ ಒಳಗಿನ ವ್ಯತ್ಯಾಸ ಬಹಳ ದೊಡ್ಡದು. 1984ರಲ್ಲಿ ತೀರ್ಪು ಹೇಳಿದವರು ಮತದಾರರು. 1986ರಲ್ಲಿ ರಾಜೀನಾಮೆಯೂ ಅದರ ಹಿಂತೆಗೆತವೂ ಮೂರು ದಿನಗಳೊಳಗೆ ವಿಧಾನಸೌಧದ ಆವರಣದಲ್ಲಿಯೇ ಮುಗಿದುಹೋದವು. ಗುತ್ತಿಗೆಯ ವಿಷಯದಲ್ಲಿ ಸರ್ಕಾರ ಎಡವಿದ್ದೆಲ್ಲಿ ಎಂಬ ಪ್ರಶ್ನೆ ಹಿಂದೆ ಸರಿದು, ಹೆಗಡೆಯವರು ಇರುವರೇ ಹೋಗುವರೇ ಎಂಬುದೇ ಮುಂದೆ ಬಂದಿತು. ನಾಣ್ಯ ಅದೇ ಆಗಿತ್ತು; ಚಲಾವಣೆಯಲ್ಲಿ ಅದರ ಬೆಲೆ ಇಳಿಯತೊಡಗಿತ್ತು.

ಮೂರನೆಯದು

1988ರ ಹೊತ್ತಿಗೆ ದೇಶದ ವಿರೋಧ ಪಕ್ಷಗಳು ಒಂದಾಗುವ ಯತ್ನದಲ್ಲಿದ್ದವು. ದಿಲ್ಲಿಯಲ್ಲಿ ರಾಜೀವ್ ಗಾಂಧಿಯವರ ಸರ್ಕಾರ ಬೋಫೋರ್ಸ್ ವಿವಾದದಿಂದ ಮಸುಕಾಗಿತ್ತು. ಪ್ರಧಾನಿ ಪದವಿಗೆ ಯೋಗ್ಯರೆಂದು ಎಣಿಸಲ್ಪಟ್ಟವರಲ್ಲಿ ಹೆಗಡೆಯವರೂ ಒಬ್ಬರಾಗಿದ್ದರು. ಇತ್ತ ಪಕ್ಷದ ಒಳಗೆ ಹಿರಿಯರ ನಡುವೆ ಮನಸ್ತಾಪ ಬೆಳೆದಿತ್ತು. ಆ ವೇಳೆಗೆ ಸರಿಯಾಗಿ ದೂರವಾಣಿ ಕದ್ದಾಲಿಕೆಯ ಸುದ್ದಿ ಸ್ಫೋಟಗೊಂಡಿತು. ವಿರೋಧಿಗಳದಷ್ಟೇ ಅಲ್ಲದೆ ಸ್ವಪಕ್ಷದ ಮುಖಂಡರ ಮಾತುಕತೆಗಳನ್ನೂ ರಾಜ್ಯದ ಪೊಲೀಸರು ಆಲಿಸಿದ್ದರೆಂಬ ಆರೋಪ ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಪ್ರತಿಧ್ವನಿಸಿತು. ತಾವು ಇದಕ್ಕೆ ಆದೇಶ ನೀಡಿರಲಿಲ್ಲವೆಂದು ಹೆಗಡೆಯವರು ಹೇಳಿದರು. ಆದರೂ ನೈತಿಕ ಹೊಣೆಯನ್ನು ಹೊತ್ತು ಆಗಸ್ಟ್ ತಿಂಗಳಲ್ಲಿ ಅಧಿಕಾರ ತೊರೆದರು. ಆಗಸ್ಟ್ 13ರಂದು ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು.

ಈ ಬಾರಿ ಯಾರೂ ಅವರನ್ನು ಮರಳಿ ಕರೆಯಲಿಲ್ಲ. ನ್ಯಾಯವಾಗಿ ನೋಡಿದರೆ, ಆರೋಪ ಬಂದೊಡನೆ ಕುರ್ಚಿ ಬಿಡುವುದು ಇಂದಿಗೂ ಅಪರೂಪದ ಗುಣವೇ. ಹಾಗಿದ್ದೂ ಜನ ತಣ್ಣಗಿದ್ದುದೇಕೆ? ಕದ್ದಾಲಿಕೆಯೆಂಬುದು ಹಣದ ಅಪರಾಧಕ್ಕಿಂತ ಬೇರೆಯಾದದ್ದು. ಮನೆಯೊಳಗೆ ಆಡಿದ ಮಾತಿಗೆ ಗೋಡೆಯ ಆಚೆ ಕಿವಿಯಿಟ್ಟವರನ್ನು ನಮ್ಮ ಹಳ್ಳಿಗರೂ ಕ್ಷಮಿಸುವುದಿಲ್ಲ. ನಂಬಿಕೆಯನ್ನು ಬೇಡುವ ಸರ್ಕಾರವೇ ತನ್ನವರನ್ನು ನಂಬದೆ ಅವರ ಮಾತನ್ನು ಆಲಿಸಿತೆಂದರೆ, ಪ್ರಜೆ ಅದನ್ನು ನಂಬುವುದೆಂತು? ಹಳ್ಳಿಯ ಕೈಗೆ ಅಧಿಕಾರ ಕೊಟ್ಟು ಜನರನ್ನು ನಂಬಿದ ಸರ್ಕಾರದ ಕಾಲದಲ್ಲಿಯೇ ಹೀಗಾಯಿತೆಂಬುದು ನೋವನ್ನು ಇಮ್ಮಡಿಗೊಳಿಸಿತು. ಅದಕ್ಕೂ ಮಿಗಿಲಾಗಿ, ಎರಡು ಸಲ ಕೇಳಿದ ರಾಜೀನಾಮೆಯ ಮಾತು ಮೂರನೆಯ ಸಲ ಪ್ರಾಯಶ್ಚಿತ್ತದಂತೆ ಕೇಳಿಸಲಿಲ್ಲ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 1989ರ ಏಪ್ರಿಲ್ 21ರಂದು ಬೊಮ್ಮಾಯಿಯವರ ಸರ್ಕಾರವನ್ನು ಕೇಂದ್ರವು 356ನೆಯ ವಿಧಿಯನ್ವಯ ವಜಾಗೊಳಿಸಿತು. ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1994ರ ಮಾರ್ಚ್ 11ರಂದು ಕೊಟ್ಟ ತೀರ್ಪು ಬೊಮ್ಮಾಯಿಯವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ 1989ರ ನವೆಂಬರಿನ ಚುನಾವಣೆಯಲ್ಲಿ ಜನತಾದಳಕ್ಕೆ ಉಳಿದದ್ದು 24 ಸ್ಥಾನಗಳು ಮಾತ್ರ. ಒಳಜಗಳ, ಪಕ್ಷದ ಒಡಕು ಮೊದಲಾದ ಕಾರಣಗಳು ಹಲವಿದ್ದರೂ, 139 ಇದ್ದದ್ದು ನಾಲ್ಕೂವರೆ ವರ್ಷಗಳಲ್ಲಿ 24ಕ್ಕೆ ಇಳಿದುದು ಸಾಮಾನ್ಯವಾದ ಕುಸಿತವಲ್ಲ. ಅಂದು 178 ಸ್ಥಾನಗಳೊಡನೆ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಮರುವರ್ಷವೇ, ಅನಾರೋಗ್ಯದಲ್ಲಿದ್ದಾಗ, ತಮ್ಮ ಪಕ್ಷದ ವರಿಷ್ಠರಿಂದ ಪದಚ್ಯುತರಾದರು. ಲವ-ಕುಶರಲ್ಲಿ ಒಬ್ಬರು ಜನರ ನಂಬಿಕೆ ಕರಗುತ್ತಿದ್ದಾಗ ತಾವಾಗಿ ಇಳಿದರು. ಇನ್ನೊಬ್ಬರನ್ನು ಜನರ ತೀರ್ಪು ಕೇಳದೆಯೇ ಇಳಿಸಲಾಯಿತು. ಈ ಎರಡನ್ನೂ ಒಂದೆಂದು ಬಗೆಯಬಾರದು.

ಕದ್ದಾಲಿಕೆಯ ಪ್ರಶ್ನೆಗೆ ಕಾನೂನಿನ ಉತ್ತರ ಬರಲು ಇನ್ನೂ ಎಂಟು ವರ್ಷಗಳು ಬೇಕಾದವು. 1996ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಬೇರೊಂದು ಮೊಕದ್ದಮೆಯಲ್ಲಿ, ದೂರವಾಣಿಯಲ್ಲಿ ಆಡುವ ಮಾತು ಪ್ರಜೆಯ ಖಾಸಗಿ ಬದುಕಿನ ಹಕ್ಕಿಗೆ ಸೇರಿದುದೆಂದು ಸಾರಿತು. ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಅದರ ಅವಧಿ ಎರಡು ತಿಂಗಳು, ವಿಸ್ತರಿಸಿದರೂ ಒಟ್ಟು ಆರು ತಿಂಗಳನ್ನು ಮೀರಬಾರದು. ಪರಿಶೀಲನಾ ಸಮಿತಿ ಪ್ರತಿಯೊಂದನ್ನೂ ನೋಡಬೇಕು ಎಂದು ಕಟ್ಟುಪಾಡು ವಿಧಿಸಿತು. ಒಬ್ಬ ನಾಯಕನ ಸದ್ಗುಣವನ್ನೇ ನಂಬಿ ಕೂಡುವುದರ ಅಪಾಯವನ್ನು ದೇಶ ತಡವಾಗಿ ಅರಿತಂತಾಯಿತು.

ಉಳಿದದ್ದು ಏನು?

ಹೆಗಡೆಯವರ ಮೇಲಿನ ಪ್ರೀತಿ ಪೂರ್ತಿಯಾಗಿ ಬತ್ತಲಿಲ್ಲ. ಜನತಾದಳದಿಂದ ಹೊರಹಾಕಲ್ಪಟ್ಟ ಬಳಿಕ ಅವರು ಕಟ್ಟಿದ ಲೋಕಶಕ್ತಿಯು 1998ರಲ್ಲಿ ಭಾರತೀಯ ಜನತಾ ಪಕ್ಷದ ಜೊತೆಗೂಡಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 16ನ್ನು ಗೆದ್ದಿತು. ಹುಟ್ಟಿನಿಂದ ನಮ್ಮ ಸಮಾಜದವರಲ್ಲದ ಅವರನ್ನು ಉತ್ತರ ಕರ್ನಾಟಕದ ಅಸಂಖ್ಯ ಲಿಂಗಾಯತ ಮನೆಗಳು ತಮ್ಮ ನಾಯಕರೆಂದು ಒಪ್ಪಿದ್ದವೆಂಬುದು ಸ್ಮರಣೀಯ. ಅವರು ಕೇಂದ್ರದಲ್ಲಿ ವಾಣಿಜ್ಯ ಸಚಿವರಾದರು. ಮುಖ್ಯಮಂತ್ರಿಯ ಪೀಠಕ್ಕೆ ಮಾತ್ರ ಮರಳಲಿಲ್ಲ. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರ ಕೆಲಸದಲ್ಲಿ ಬಾಳಿದ್ದು ಅವರ ವರ್ಚಸ್ಸನ್ನು ಅವಲಂಬಿಸದೆ ನಿಂತ ಸಂಸ್ಥೆಗಳು. 1984ರ ಅಧಿನಿಯಮದಿಂದ ಹುಟ್ಟಿದ ಲೋಕಾಯುಕ್ತವು 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿತು. ನಾಲ್ಕೇ ದಿನಗಳಲ್ಲಿ, ಜುಲೈ 31ರಂದು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ನೀಡಿದರು. ಅವರು ನಮ್ಮ ಸಮಾಜದವರೆಂಬ ಕಾರಣಕ್ಕೆ ಅಂದು ಅನೇಕ ಮನೆಗಳಲ್ಲಿ ಮನಸ್ಸು ಇಬ್ಬಂದಿಯಾಯಿತು. ಮುಂದೆ 2016ರ ಅಕ್ಟೋಬರಿನಲ್ಲಿ ಗಣಿ ಸಂಬಂಧದ ಲಂಚ ಪ್ರಕರಣದಲ್ಲಿ ಸಿ.ಬಿ.ಐ. ವಿಶೇಷ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆರೋಪ ಬಂದಾಗ ವಿಚಾರಣೆ, ವಿಚಾರಣೆಯ ಬಳಿಕ ತೀರ್ಪು: ಈ ಕ್ರಮ ಎಲ್ಲರಿಗೂ ಒಂದೇ ಆಗಿರಬೇಕು. 2016ರಲ್ಲಿ ಲೋಕಾಯುಕ್ತದ ಹಲ್ಲುಗಳನ್ನು ಕಿತ್ತು ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿದಾಗ ಜನರು ಪ್ರತಿಭಟಿಸಿದರು. 2022ರ ಆಗಸ್ಟ್ 11ರಂದು ಉಚ್ಚ ನ್ಯಾಯಾಲಯ ಆ ದಳವನ್ನು ರದ್ದುಪಡಿಸಿ ಲೋಕಾಯುಕ್ತಕ್ಕೆ ಅಧಿಕಾರವನ್ನು ಮರಳಿಸಿತು. ಕಟ್ಟಿದವರು ಹೋದರೂ ಕಟ್ಟಡ ನಿಂತಿದೆ.

ಇದರಿಂದ ಗೃಹಸ್ಥರಾದ ನಾವು ಗ್ರಹಿಸಬೇಕಾದುದು ಇಷ್ಟೆ. ನಾಯಕನು ನಂಬಿಕೆಯನ್ನು ಕಳೆದುಕೊಳ್ಳುವುದು ಹಗರಣ ಬಯಲಾದ ದಿನವಲ್ಲ. ಲೆಕ್ಕವನ್ನು ಪ್ರಜೆಗಳ ಮುಂದಿಡುವ ಬದಲು ತನ್ನವರ ಮುಂದಿಟ್ಟು ಸಮಾಧಾನಪಟ್ಟ ದಿನವೇ ಅದು ಜಾರತೊಡಗುತ್ತದೆ. ನಿಕ್ಷೇಪವನ್ನು ಇಟ್ಟವರಿಗೂ ಕರ್ತವ್ಯವಿದೆ. ಲೆಕ್ಕ ಕೇಳದ ಒಡೆಯನಿಂದ ಒಳ್ಳೆಯ ಕಾರಭಾರಿಯೂ ಕೆಡುತ್ತಾನೆ. ನಮ್ಮವನೆಂದು ಮನ್ನಿಸಿ, ಪರರವನೆಂದು ದಂಡಿಸುವ ಮನೆಯಲ್ಲಿ ಮಕ್ಕಳು ನ್ಯಾಯವನ್ನು ಕಲಿಯಲಾರರು. ಉಂಡ ಉಪಕಾರವನ್ನು ಮರೆಯದೆ, ಕಂಡ ಲೋಪವನ್ನು ಮುಚ್ಚದೆ, ಒಂದೇ ಅಳತೆಗೋಲಿನಿಂದ ಎಲ್ಲರನ್ನೂ ಅಳೆಯುವ ಅಭ್ಯಾಸ ಮನೆಯ ಜಗಲಿಯಿಂದಲೇ ಮೊದಲಾಗಲಿ. ಮುಂದಿನ ಬಾರಿ ಮತ ಕೇಳಲು ಬಂದವರ ಮುಂದೆ ಅದೇ ಕೋಲನ್ನು ಹಿಡಿಯೋಣ.