ತೊಳೆದಷ್ಟೂ ತೀರದ ಗೀಳು

ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುವುದು, ಬೀಗ ಹಾಕಿದೆನೋ ಇಲ್ಲವೋ ಎಂದು ಹತ್ತಾರು ಸಲ ನೋಡುವುದು, ಪೂಜೆಗೆ ಕುಳಿತಾಗ ದೇವರ ಬಗ್ಗೆ ಕೆಟ್ಟ ಯೋಚನೆಗಳು ಬಂದು ಕಾಡುವುದು – ಇವು ಗೀಳು ಕಾಯಿಲೆಯ, ಅಂದರೆ ಒಸಿಡಿಯ ಲಕ್ಷಣಗಳಿರಬಹುದು.

ಬೇಡವೆಂದರೂ ನುಗ್ಗುವ ಯೋಚನೆಯಿಂದ ಆತಂಕವಾಗುತ್ತದೆ. ಅದನ್ನು ತಗ್ಗಿಸಲು ರೋಗಿ ಮಾಡಿದ್ದನ್ನೇ ಮಾಡುತ್ತಾನೆ. ಸ್ವಲ್ಪ ಹೊತ್ತು ಸಮಾಧಾನ; ಮತ್ತೆ ಅದೇ ಸಂಶಯ. ಇದಕ್ಕೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಸಮಯ ಹೋಗುತ್ತಿದ್ದರೆ ಅಥವಾ ಕೆಲಸ, ಓದು, ನಿದ್ರೆ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿರಿ. ಇದು ಮಾಟವಲ್ಲ, ಪಾಪದ ಫಲವೂ ಅಲ್ಲ. ಕೆಟ್ಟ ಯೋಚನೆ ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ.

ಚಿಕಿತ್ಸೆ: ಫ್ಲುಯಾಕ್ಸೆಟಿನ್‌ನಂತಹ ಮಾತ್ರೆಗಳಿಂದ ಗುಣ ಕಾಣಲು 8ರಿಂದ 12 ವಾರ ಬೇಕಾಗಬಹುದು. ವೈದ್ಯರನ್ನು ಕೇಳದೆ ನಡುವೆ ಬಿಡಬೇಡಿ. ವರ್ತನಾ ಚಿಕಿತ್ಸೆಯಲ್ಲಿ, ಅಂಜಿಕೆ ಹುಟ್ಟಿಸುವ ವಸ್ತುವನ್ನು ಮುಟ್ಟಿಯೂ ಕೈ ತೊಳೆಯದೆ ಇರುವುದನ್ನು ಹಂತಹಂತವಾಗಿ ಕಲಿಸುತ್ತಾರೆ. ತೊಳೆಯದಿದ್ದರೂ ಆತಂಕ ತಾನಾಗಿಯೇ ಇಳಿಯುವುದು ರೋಗಿಯ ಅನುಭವಕ್ಕೆ ಬರುತ್ತದೆ.

ಮನೆಯವರಿಗೆ: ಬೈಯಬೇಡಿ, ಹಂಗಿಸಬೇಡಿ. ಹಾಗೆಂದು ಅವರ ಪರವಾಗಿ ಬೀಗ ನೋಡಿ ಬರುವುದು, ಅವರು ಹೇಳಿದಾಗಲೆಲ್ಲ ಸ್ನಾನ ಮಾಡುವುದು, "ಏನೂ ಆಗುವುದಿಲ್ಲ" ಎಂದು ನೂರು ಸಲ ಹೇಳುವುದು ಗೀಳಿಗೆ ನೀರೆರೆದಂತೆ. ಇವನ್ನು ಒಮ್ಮೆಲೇ ನಿಲ್ಲಿಸದೆ, ವೈದ್ಯರ ಸಲಹೆಯಂತೆ, ರೋಗಿಗೆ ಮೊದಲೇ ತಿಳಿಸಿ ಕಡಿಮೆ ಮಾಡಿರಿ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಸಾಯುವ ಮಾತಾಡಿದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.